ಕೂಡ್ಲಿಗಿ ಸೀಮೆಯಲ್ಲಿ ಶಾಲೆಗಳು ನಡೆದುಬಂದ ದಾರಿ

ಭಗವಾನ್ ವೃಷಭನಾಥರು ತಮ್ಮ ಪುತ್ರಿಯರಾದ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಉಪದೇಶಿಸಿದರೆಂದು ಜೈನ ಪುರಾಣಗಳು ಸಾರುತ್ತವೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಜ್ಞಾನದಾನಕ್ಕೂ ಸ್ಥಾನವುಂಟು. ಕಾನಹೊಸಹಳ್ಳಿಯ ಸುತ್ತಲಿನ ಸೀಮೆಯಲ್ಲಿ ಈ ಜ್ಞಾನದಾನವು ಹೇಗೆ ನಡೆದುಬಂದಿತೆಂಬುದು ಸ್ಮರಣಾರ್ಹವಾದ ವಿಷಯವಾಗಿದೆ.

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆಗಳ ಶಾಲೆಗಳ ವಿವರವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿಯನ್ನು ಕಳುಹಿಸಿದನು. ಕೂಡ್ಲಿಗಿ ಸೀಮೆಯೂ ಅನಂತಪುರದ ಭಾಗವೂ ಸೇರಿದ್ದ ಅಂದಿನ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226 ಇದ್ದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಈ ಕ್ರಮವನ್ನು ಇಂಗ್ಲೆಂಡಿನವರೂ ಅನುಸರಿಸಿರುವುದು ಯೋಗ್ಯವೇ ಎಂದು ಕಲೆಕ್ಟರನು ಮೆಚ್ಚಿ ಬರೆದನು.

ಆದರೆ ಆ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿರಲಿಲ್ಲ. ಹೀಗೆ ಹೇಳಲು ನಾಚಿಕೆಯಾಗುತ್ತದೆಂದು ಅವನೇ ಒಪ್ಪಿಕೊಂಡನು. ದೇಶಕ್ಕೆ ಬಡತನ ಕವಿದುದರಿಂದ ಮೊದಲು ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಆಗ ಶಾಲೆಯೇ ಇರಲಿಲ್ಲ. ಇದಕ್ಕಿಂತ ಹಿರಿದಾದ ಕೊರತೆ ಇನ್ನೊಂದಿತ್ತು. ಇಡೀ ಜಿಲ್ಲೆಯ ಶಾಲೆಗಳಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು ಕೇವಲ 60 ಮಂದಿ! ಮೊದಲ ಅಕ್ಷರವನ್ನು ಮಗಳ ಕೈಯಲ್ಲಿಟ್ಟ ಆದಿತೀರ್ಥಂಕರರ ಅನುಯಾಯಿಗಳು ಈ ಸಂಖ್ಯೆಯನ್ನು ಮರೆಯಲಾಗದು.

ಕಾಲಕ್ರಮದಲ್ಲಿ ಪರಿಸ್ಥಿತಿ ಬದಲಾಯಿತು. 1871ರ ಲೋಕಲ್ ಫಂಡ್ ಕಾಯಿದೆಯೂ 1884ರ ಲೋಕಲ್ ಬೋರ್ಡ್ ಕಾಯಿದೆಯೂ ಹಳ್ಳಿಯ ಶಾಲೆಗಳಿಗೆ ಸಾರ್ವಜನಿಕ ಹಣವನ್ನು ಒದಗಿಸಿದವು. 1920ರಲ್ಲಿ ಮದರಾಸು ಪ್ರಾಂತದ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ ಬಂದಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಕೂಡ್ಲಿಗಿಯು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವು ಹಕ್ಕಾಯಿತು. 2021ರಿಂದ ಈ ಸೀಮೆಯು ವಿಜಯನಗರ ಜಿಲ್ಲೆಗೆ ಸೇರಿದೆ.

ಸರ್ಕಾರವು ಕೈಹಿಡಿದ ಮಾತ್ರಕ್ಕೆ ಊರಿನವರ ಹೊಣೆ ತೀರುವುದಿಲ್ಲ. ಬಿಂಬಕ್ಕೆ ಪ್ರತಿಷ್ಠೆ ಒಂದು ಬಾರಿ, ಪೂಜೆಯಾದರೋ ನಿತ್ಯ. ಶಾಲೆಯೂ ಅಂತೆಯೇ. ಕಟ್ಟಡ ಎದ್ದ ಮೇಲೆಯೂ ಅದಕ್ಕೆ ಊರಿನವರ ನಿತ್ಯದ ಆರೈಕೆ ಬೇಕು. ಈ ಪ್ರತಿಷ್ಠಾ ಮಹೋತ್ಸವದ ಪುಣ್ಯಕಾಲದಲ್ಲಿ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ ತಮ್ಮ ಊರಿನ ಕನ್ನಡ ಶಾಲೆಯ ಒಂದು ಮಗುವಿಗಾದರೂ ಆಸರೆಯಾದರೆ ಶಾಸ್ತ್ರದಾನವು ಸಾರ್ಥಕವಾದೀತು.