ಸಂತಪುರ: ಮಿರಗಕ್ಕೆ ಮುಂಚೆ ಬೀಜ ನೋಡಿಕೊಳ್ಳಿ

ಔರಾದ್ ತಾಲ್ಲೂಕಿನ ಸಂತಪುರ ಸೀಮೆಯಲ್ಲಿ ಬ್ಯಾಸಿಗಿ ಅಂದ್ರೆ ಖಾಲಿ ಕೂಡೋ ಕಾಲ ಅಲ್ಲ. ಹೊಲ ಹರಗೋದು, ತಿಪ್ಪೆಗೊಬ್ಬರ ಸಾಗಿಸೋದು ಬಿಸಿಲೇರುವ ಮುಂಚೆ ಮುಗಿಯಬೇಕು. ಬೀಜದ ಕೆಲಸ ಮಾತ್ರ ಮನೆ ನೆರಳಲ್ಲೇ.

ಪಕ್ಕದ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಇರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಜೋಳ, ಸಜ್ಜೆ, ತೊಗರಿ ಬೀಜವನ್ನು ಬೂದಿ, ಬೇವಿನೆಲೆ ಹಾಕಿ ಬುಟ್ಟಿಯಲ್ಲಿ ಕಾಯ್ದಿಡುತ್ತವೆ. ಒಯ್ದವರು ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದು ವಾಪಸ್ ಕೊಡಬೇಕು.

ನಮ್ಮ ಕಡೆ ಸೋಯಾ ಜಾಸ್ತಿ. ಅದು ಮೊಳೆಯದಿದ್ದರೆ ಮತ್ತೆ ಬೀಜ, ಮತ್ತೆ ಕೂಲಿ, ಮೇಲೆ ಸಾಲ. ಮೇ ತಿಂಗಳಲ್ಲೇ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ವಾರದೊಳಗೆ 70 ಮೊಳೆತರೆ ಬಿತ್ತಬಹುದು. ಪ್ರಮಾಣಿತ ಬೀಜಕ್ಕೂ ಇದೇ ಕನಿಷ್ಠ ಮಟ್ಟ. ಸೋಯಾ ಸಿಪ್ಪೆ ತೆಳು, ಚೀಲ ಎತ್ತಿ ಎಸೆದರೆ ಬೀಜ ಕೆಡುತ್ತೆ. ಅಂಗಡಿಯವರು ಹಮಾಲರಿಗೂ ಇದನ್ನು ಹೇಳಬೇಕು.