ಕಂಬಸಾಲಿನ ಕಥೆ

ವಿಲ್ಸನ್ ಗಾರ್ಡನ್ನಿನ ನಮ್ಮ ಬೀದಿಯವರು ಕೂಡಿ ನಡೆಸುವ ಚಿಕ್ಕದೊಂದು ಸಂಘದ ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಕೆಲಸ ಒಂದು ವರ್ಷ ನನ್ನ ಪಾಲಿಗೆ ಬಂದಿತು. ಹೆಸರು, ಚಂದಾ, ಬಾಕಿ ಎಂದು ಮೂರು ಕಾಲಂ. ಖಾಲಿ ಜಾಗದ ಕೀಲಿಯನ್ನು ಒತ್ತಿ ಒತ್ತಿ ಅಂಕಿಗಳನ್ನು ಒಂದರ ಕೆಳಗೊಂದು ನಿಲ್ಲಿಸಿದೆ. ಪರದೆಯ ಮೇಲೆ ಸಾಲು ನೆಟ್ಟಗೇ ಇತ್ತು. ಆದರೆ ಪ್ರತಿ ತೆಗೆದ ಅಂಗಡಿಯ ಯಂತ್ರದಲ್ಲಿ ನಾನು ಬಳಸಿದ ಅಕ್ಷರರೂಪವಿರಲಿಲ್ಲ. ಬೇರೊಂದು ಬಂದು ಕೂತಿತು. ಹೆಸರುಗಳು ಹಿಗ್ಗಿದವು, ಅಂಕಿಗಳು ಜರುಗಿದವು. ವಯಸ್ಸಾದ ಹೆಂಗಸೊಬ್ಬರು ಕೊಟ್ಟಿದ್ದ 500 ರೂಪಾಯಿ ಬಾಕಿಯ ಕೆಳಗೆ ಬಿದ್ದು, ತುಂಬಿದ ಸಭೆಯಲ್ಲಿ ಅವರು ಸಾಲಗಾರರೆನಿಸಿದರು. “ಕೊಟ್ಟಿದ್ದೀನಪ್ಪ, ರಸೀತಿ ಇದೆ” ಎಂದು ಅವರು ಸೆರಗಿನ ಗಂಟು ಬಿಚ್ಚಿದ್ದನ್ನು ನಾನು ಮರೆತಿಲ್ಲ. ತಪ್ಪು ಅಂಗಡಿಯವರದಲ್ಲ, ನನ್ನದು. ಆ ನಾಚಿಕೆಯೇ ನನ್ನನ್ನು ಪಟ್ಟಿಗಳ ಚರಿತ್ರೆಯ ಬೆನ್ನು ಹತ್ತಿಸಿತು.

ನಮ್ಮ ಶಾನುಭೋಗರು ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬರೆಯುವವರ ಕಣ್ಣೇ ಅಲ್ಲಿ ಅಳತೆಗೋಲು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ತೆರೆದ ಅಚ್ಚುಕೂಟವೂ ಮೊದಲು ಕಲ್ಲಚ್ಚಿನದು. 1843ರ ‘ಮಂಗಳೂರ ಸಮಾಚಾರ’ ಹೊರಟದ್ದು ಹಾಗೆಯೇ. ಕಲ್ಲಚ್ಚೆಂದರೆ ಕೈಬರಹವೇ ಸರಿ.

ಸೀಸದ ಮೊಳೆಗಳ ಕಾಲಕ್ಕೆ ಮಾತು ಬೇರೆಯಾಯಿತು. ಕಂಪಾಜಿಟರನು ಒಂದು ಮೊಳೆ ಎತ್ತುವ ಮೊದಲೇ ಕಾಲಂ ಕಾಲಮ್ಮಿನ ಅಗಲವನ್ನು ಎಮ್ ಲೆಕ್ಕದಲ್ಲಿ ಗೊತ್ತುಮಾಡಬೇಕಾಗಿತ್ತು. ಅಂಕಿಯ ಮೊಳೆಗಳನ್ನು ಸಾಮಾನ್ಯವಾಗಿ ಅರ್ಧ ಎಮ್ಮಿನ ಒಂದೇ ಅಗಲಕ್ಕೆ ಎರೆಯುತ್ತಿದ್ದರು. ಅಂಕಿಯಿಲ್ಲದ ಕಡೆ ಅಷ್ಟೇ ಅಗಲದ ಬರಿಮೊಳೆ. ಆದುದರಿಂದ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ತಪ್ಪದೆ ನಿಲ್ಲುತ್ತಿದ್ದವು.

ಟೈಪ್‌ರೈಟರಿಗೆ ಪಟ್ಟಿಗಾಗಿಯೇ ಟ್ಯಾಬ್ಯುಲೇಟರ್ ಎಂಬ ಸಾಧನ ಸೇರಿತು. ಇಂದಿನ ಟ್ಯಾಬ್ ಕೀಲಿಯ ಹೆಸರು ಅಲ್ಲಿಂದ ಬಂದದ್ದೇ. ಆ ಯಂತ್ರದಲ್ಲಿ ಅಂಕಿಗೂ ಖಾಲಿ ಜಾಗಕ್ಕೂ ಒಂದೇ ಹೆಜ್ಜೆಯಾದ್ದರಿಂದ ಜಾಗ ಎಣಿಸಿ ಸಾಲು ಹಿಡಿದರೂ ನಡೆಯುತ್ತಿತ್ತು. ಆ ಚಟವನ್ನೇ ನಾವು ಕಂಪ್ಯೂಟರಿಗೂ ಹೊತ್ತು ತಂದೆವು.

ಇದಕ್ಕೆ ಮದ್ದು ಆಗಲೇ ಹುಟ್ಟಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಬ್ರಯನ್ ರೀಡ್ ಎಂಬವರು ‘ಸ್ಕ್ರೈಬ್’ ಎಂಬ ವ್ಯವಸ್ಥೆಯನ್ನು ರಚಿಸಿ 1980ರಲ್ಲಿ ಪ್ರಬಂಧ ಒಪ್ಪಿಸಿದರು. ಬರೆಯುವವನು ಇದು ತಲೆಬರಹ, ಇದು ಪಟ್ಟಿ ಎಂದು ಹೆಸರು ಹೇಳಿದರೆ ಸಾಕು. ಅದು ಹೇಗೆ ಕಾಣಬೇಕೆಂಬುದನ್ನು ಬೇರೆಡೆ ಒಮ್ಮೆಗೇ ಗೊತ್ತುಮಾಡಿರುತ್ತದೆ. ಇದೇ ಶೈಲಿ. 1983ರ ಮೈಕ್ರೋಸಾಫ್ಟ್ ವರ್ಡಿನಲ್ಲಿಯೂ ಈ ಏರ್ಪಾಡಿತ್ತು.

ಮರುವರ್ಷ ನಾನು ಲಿಬ್ರೆಆಫೀಸಿನಲ್ಲಿ ನಿಜವಾದ ಪಟ್ಟಿಯನ್ನೇ ಹಾಕಿದೆ. ಪಟ್ಟಿಯ ಒಳಬರಹಕ್ಕೊಂದು, ತಲೆಸಾಲಿಗೊಂದು ಶೈಲಿ ಅಲ್ಲಿ ಮೊದಲೇ ಇವೆ. ಒಳಬರಹದ ಶೈಲಿಗೆ ಮಗಳೊಂದನ್ನು ಹುಟ್ಟಿಸಿ, ‘ಪಟ್ಟಿಯ ಅಂಕಿ’ ಎಂದು ಹೆಸರಿಟ್ಟು, ಬಲದಂಚಿಗೆ ನಿಲ್ಲೆಂದು ಹೇಳಿದೆ. ಅಕ್ಷರರೂಪ ತಾಯಿಯದು; ಅಂಚು ಮಾತ್ರ ತನ್ನದು. ಪಟ್ಟಿಗಳು ಎಷ್ಟೇ ಇರಲಿ, ಶೈಲಿಯನ್ನು ಒಂದೆಡೆ ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಎರಡು ಎಚ್ಚರ ಬೇಕು. ಕೈಯಿಂದ ಬಿಡಿಬಿಡಿಯಾಗಿ ಮಾಡಿದ ಹೊಂದಿಕೆ ಶೈಲಿಯ ಮಾತನ್ನು ಮೀರುತ್ತದೆ. ಮೊದಲು ಅದನ್ನು ಅಳಿಸಬೇಕು. ಇನ್ನು, ಬರಹ ಮೇಲೆ ನಿಲ್ಲಬೇಕೋ ನಡುವೆಯೋ ಎಂಬುದನ್ನು ಈ ಶೈಲಿ ತೀರ್ಮಾನಿಸದು. ಅದನ್ನು ಪಟ್ಟಿಯ ಮನೆಗೇ ಹೇಳಬೇಕು.

ಹೊಸದೆಂದುಕೊಂಡದ್ದು ಹಳೆಯ ಕಂಪಾಜಿಟರನ ಶಿಸ್ತೇ ಆಗಿತ್ತು: ಮೊದಲು ಅಳತೆ, ಆಮೇಲೆ ಅಕ್ಷರ. ಆ ವರ್ಷದ ಸಭೆಯಲ್ಲಿ ಆ ತಾಯಿ ಕನ್ನಡಕ ಏರಿಸಿಕೊಂಡು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಮೆಲ್ಲನೆ ಬಲಕ್ಕೆ ಸರಿಸಿಕೊಂಡು ಹೋದರು. ಬಾಕಿಯ ಮನೆಯಲ್ಲಿ ಸೊನ್ನೆ ಇತ್ತು. ಕಾಗದವನ್ನು ನಾಲ್ಕಾಗಿ ಮಡಿಸಿ ರಸೀತಿಯ ಜೊತೆಗೇ ಸೆರಗಿಗೆ ಕಟ್ಟಿಕೊಂಡರು.