ಕೊಡಗಿನ ಕಾಲೇಜುಗಳಲ್ಲಿ ವಿದ್ಯಾರ್ಥಿ ವೈವಿಧ್ಯ

ಕೊಡಗು ಜಿಲ್ಲೆಯ ಕಾಲೇಜುಗಳಲ್ಲಿ ಬೇರೆ ಬೇರೆ ಮನೆಮಾತು, ಸಮುದಾಯ ಹಾಗೂ ಧರ್ಮಗಳಿಗೆ ಸೇರಿದ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯುತ್ತಾರೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಕೇವಲ 5,54,519. ಆದರೂ ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಯರವರ ರಾವುಳ ಭಾಷೆ, ಜೇನುಕುರುಬರ ನುಡಿ ಮೊದಲಾದವು ಬಳಕೆಯಲ್ಲಿವೆ. ಕನ್ನಡವು ಎಲ್ಲರ ನಡುವಿನ ವ್ಯವಹಾರ ಭಾಷೆಯಾಗಿದ್ದರೂ ಅನೇಕರಿಗೆ ಅದು ಶಾಲೆಯಲ್ಲಿ ಕಲಿತ ಭಾಷೆ.

ಭಾಷೆ

ಮನೆಮಾತಿನ ಛಾಯೆಯುಳ್ಳ ಕನ್ನಡವನ್ನು ಅಶುದ್ಧವೆಂದು ಹಾಸ್ಯ ಮಾಡುವುದು ಅಗೌರವದ ಸಾಮಾನ್ಯ ರೂಪ. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ 2011ರಲ್ಲಿ ಸ್ಥಾಪನೆಯಾದವು. ಎರಡರ ಕೇಂದ್ರವೂ ಮಡಿಕೇರಿ. ರಾವುಳ ಮತ್ತು ಜೇನುಕುರುಬ ನುಡಿಗಳಿಗೆ ಅಂತಹ ಪ್ರತ್ಯೇಕ ಅಕಾಡೆಮಿಗಳಿಲ್ಲ.

ಸಾಮಾಜಿಕ ಹಿನ್ನೆಲೆ

ಕೊಡವರಲ್ಲಿಯೂ ಅರೆಭಾಷೆ ಗೌಡರಲ್ಲಿಯೂ ಮನೆತನದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಆದ್ದರಿಂದ ಹಾಜರಿ ಕರೆಯುವಾಗಲೇ ವಿದ್ಯಾರ್ಥಿಯ ಸಮುದಾಯ ತಿಳಿದುಬಿಡುತ್ತದೆ. ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ. 10.5ರಷ್ಟಿದ್ದು, ಅವರಲ್ಲಿ ಹಲವರು ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುತ್ತಾರೆ. ತೋಟದ ಮಾಲೀಕರ ಮಕ್ಕಳೂ ಅದೇ ತೋಟದ ಕಾರ್ಮಿಕರ ಮಕ್ಕಳೂ ಒಂದೇ ತರಗತಿಯಲ್ಲಿರುವುದು ಸಾಧ್ಯ; ತೋಟದಲ್ಲಿನ ಸಂಬೋಧನೆ ಕಾಲೇಜಿಗೂ ಬಂದರೆ ಸಹಪಾಠಿಗಳ ನಡುವಿನ ಸಮಾನತೆ ಉಳಿಯುವುದಿಲ್ಲ. ಜಾತಿ, ಧರ್ಮ, ಭಾಷೆ, ಜನಾಂಗ, ಲಿಂಗ ಹಾಗೂ ಅಂಗವಿಕಲತೆಯ ಆಧಾರದ ತಾರತಮ್ಯವನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2012ರ ಸಮಾನತಾ ನಿಯಮಗಳು ನಿಷೇಧಿಸಿದವು.

ಉಡುಗೆ ಮತ್ತು ಹಬ್ಬ

ಸೆಪ್ಟೆಂಬರಿನ ಕೈಲ್‌ಪೊಳ್ದ್, ಸುಗ್ಗಿಯ ಪುತ್ತರಿ, ರಂಜಾನ್, ಓಣಂ, ಕ್ರಿಸ್‌ಮಸ್ ಇವೆಲ್ಲ ಜಿಲ್ಲೆಯ ವಿದ್ಯಾರ್ಥಿಗಳ ಹಬ್ಬಗಳು. ಕಾಲೇಜು ಸಮಾರಂಭಗಳಲ್ಲಿ ಕಾಣುವ ಕುಪ್ಯ-ಚೇಲೆಯನ್ನು ಕೊಡವರ ಉಡುಗೆಯೆಂದೇ ಗುರುತಿಸುವುದು ವಾಡಿಕೆ. ಆದರೆ ಅರೆಭಾಷೆ ಗೌಡರೂ ಕೊಡಗಿನ ಇತರ ಕೆಲವು ಸಮುದಾಯದವರೂ ಅದನ್ನು ಧರಿಸುತ್ತಾರೆ.